ಆಲ್ಟರ್ ಬ್ರಿಡ್ಜ್‌ನ ಏಳು ಆಲ್ಬಮ್: ನಿಮ್ಮ ಕಿವಿಗೆ ಮೊದಲು ಯಾವುದು?

ಹಾರ್ಡ್ ರಾಕ್ ಕಡೆ ಈಗಷ್ಟೇ ಕಿವಿಗೊಟ್ಟವರು ಪದೇ ಪದೇ ಕೇಳುವ ಪ್ರಶ್ನೆ ಇದು: ಆಲ್ಟರ್ ಬ್ರಿಡ್ಜ್ ಚೆನ್ನಾಗಿದೆಯಂತೆ, ಯಾವ ಆಲ್ಬಮ್‌ನಿಂದ ಶುರು ಮಾಡಲಿ? ಹತ್ತರಲ್ಲಿ ಒಂಬತ್ತು ಮಂದಿ ಕಣ್ಣು ಮುಚ್ಚಿಕೊಂಡು ‘ಬ್ಲ್ಯಾಕ್‌ಬರ್ಡ್’ ಅಂತಾರೆ. ತಪ್ಪು ಉತ್ತರವೇನಲ್ಲ. ಆದರೆ ಅದನ್ನು ಕೇಳಿ ‘ಇಷ್ಟೇನಾ?’ ಅಂದವರೂ ಇದ್ದಾರೆ, ‘ಅಯ್ಯೋ, ಇಷ್ಟೊಂದು ಗಲಾಟೆಯಾ?’ ಅಂದವರೂ ಇದ್ದಾರೆ. ಕೇಳುವವರು ಈವರೆಗೆ ಏನು ಕೇಳಿ ಬೆಳೆದಿದ್ದಾರೆ ಅಂತ ವಿಚಾರಿಸದೆ ಆಲ್ಬಮ್ ಹೇಳಿದರೆ ಹೀಗೇ ಆಗುವುದು. ಯಾವುದು ಶ್ರೇಷ್ಠ ಅನ್ನುವ ಜಗಳವನ್ನು ಬದಿಗಿಟ್ಟು, ಯಾವುದು ಯಾರಿಗೆ ಅನ್ನುವುದನ್ನು ನೋಡೋಣ.

ತಂಡದ ಪರಿಚಯ ಚುಟುಕಾಗಿ. 2004ರಲ್ಲಿ ಅಮೆರಿಕದ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಹುಟ್ಟಿದ್ದು. ಕ್ರೀಡ್ ತಂಡ ಒಡೆದಾಗ ಅದರ ಗಿಟಾರ್ ವಾದಕ ಮಾರ್ಕ್ ಟ್ರೆಮೊಂಟಿ ಮತ್ತು ಡ್ರಮ್ಸ್‌ನ ಸ್ಕಾಟ್ ಫಿಲಿಪ್ಸ್, ಮೊದಲೇ ಕ್ರೀಡ್ ಬಿಟ್ಟಿದ್ದ ಬೇಸ್ ವಾದಕ ಬ್ರಯಾನ್ ಮಾರ್ಷಲ್‌ರನ್ನು ಸೇರಿಸಿಕೊಂಡರು. ಹಾಡಲು ಬಂದದ್ದು ಮೇಫೀಲ್ಡ್ ಫೋರ್ ತಂಡದಲ್ಲಿದ್ದ ಮೈಲ್ಸ್ ಕೆನಡಿ. ಅಂದಿನಿಂದ ಏಳು ಆಲ್ಬಮ್‌ಗಳಲ್ಲೂ ಇದೇ ನಾಲ್ವರು. ರಾಕ್ ಲೋಕದಲ್ಲಿ ಇದು ಅಪರೂಪ. ಕೆನಡಿಯನ್ನು ನೀವು ಗನ್ಸ್ ಎನ್ ರೋಸಸ್ ತಂಡದ ಗಿಟಾರ್ ವಾದಕ ಸ್ಲ್ಯಾಶ್ ಜೊತೆ ಹಾಡುವವರಾಗಿಯೂ ಕೇಳಿರಬಹುದು.

ಇನ್ನೊಂದು ವಿಷಯ. ಎರಡು ಸಾವಿರದ ದಶಕದಲ್ಲಿ ಟೆನ್ ಸ್ಪೋರ್ಟ್ಸ್‌ನಲ್ಲಿ ಡಬ್ಲ್ಯುಡಬ್ಲ್ಯುಇ ನೋಡಿಕೊಂಡು, ಅಮ್ಮನ ಕೈಲಿ ಬೈಸಿಕೊಂಡು ಬೆಳೆದವರಾದರೆ ಈ ತಂಡ ನಿಮಗೆ ಆಗಲೇ ಗೊತ್ತು. ಎಡ್ಜ್ ಅನ್ನುವ ಕುಸ್ತಿಪಟು ಹೊಗೆಯ ನಡುವಿನಿಂದ ಓಡಿ ಬರುವಾಗ ಮೊಳಗುತ್ತಿದ್ದ ಹಾಡು ಇವರ ‘ಮೆಟಲಿಂಗಸ್’. ನಮ್ಮಲ್ಲಿ ಎಷ್ಟೋ ಜನ ತಂಡದ ಹೆಸರು ತಿಳಿಯುವ ಮೊದಲೇ ಅದರ ಗಿಟಾರಿನ ಸಾಲು ಗುನುಗಿದ್ದಾರೆ.

ಈ ಬರಹ 2004ರಿಂದ 2022ರವರೆಗಿನ ಏಳು ಸ್ಟುಡಿಯೊ ಆಲ್ಬಮ್‌ಗಳ ಬಗ್ಗೆ. ಕೊನೆಯಲ್ಲಿ ಲೈವ್ ಆಲ್ಬಮ್‌ಗಳ ಮಾತೂ ಸ್ವಲ್ಪ ಬರುತ್ತದೆ.

ಯಾವುದನ್ನು ಇಟ್ಟುಕೊಂಡು ಅಳೆಯುವುದು

ಮೊದಲನೆಯದು, ನಿಮ್ಮ ಕಿವಿ ಹಿಡಿಯುವುದು ದನಿಯನ್ನೋ ರಿಫ್ಫನ್ನೋ. ಭಾವಗೀತೆ, ಸಿನಿಮಾ ಹಾಡು, ದಾಸರ ಪದ ಕೇಳಿಕೊಂಡು ಬಂದವರಿಗೆ ಮೊದಲು ಬೇಕಾಗುವುದು ಹಾಡುವ ದನಿ ಮತ್ತು ನೆನಪಿನಲ್ಲಿ ಉಳಿಯುವ ಪಲ್ಲವಿ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ, ಅಂದರೆ ಮೆಟಲ್ ಅನ್ನುವ ಇನ್ನೂ ಬಿರುಸಿನ ರಾಕ್ ನುಡಿಸುವ ತಂಡಗಳು, ಬಂದಾಗ ನೂಕುನುಗ್ಗಲಲ್ಲಿ ನಿಂತವರ ಕಿವಿಯೇ ಬೇರೆ. ಅವರಿಗೆ ಹಾಡಿನುದ್ದಕ್ಕೂ ಮರಳಿ ಮರಳಿ ಬರುವ ಗಿಟಾರಿನ ಗಟ್ಟಿ ಸ್ವರಸಾಲು, ಅಂದರೆ ರಿಫ್, ಸರಿಯಾಗಿದ್ದರೆ ಸಾಕು, ಪಲ್ಲವಿ ಆಮೇಲೆ. ಆಲ್ಟರ್ ಬ್ರಿಡ್ಜ್‌ನಲ್ಲಿ ಎರಡೂ ಇದೆ. ಆದರೆ ಎಲ್ಲ ಆಲ್ಬಮ್‌ನಲ್ಲೂ ಒಂದೇ ಅಳತೆಯಲ್ಲಿ ಇಲ್ಲ. ಈ ಏಳರಲ್ಲಿ ಆಯ್ಕೆ ಮಾಡುವಾಗ ಮುಖ್ಯವಾಗಿ ನೋಡಬೇಕಾದದ್ದು ಇದನ್ನೇ. ಉಳಿದ ಮಾನದಂಡಗಳು ಇದರ ಹಿಂದೆ ಬರುವಂಥವು.

ಎರಡನೆಯದು, ನೀವು ಬಿಡಿ ಹಾಡು ಕೇಳುವವರೋ, ಒಂದು ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳುವವರೋ. ಇವರ ಆಲ್ಬಮ್‌ಗಳು ಉದ್ದ. ಐವತ್ತು ನಿಮಿಷಕ್ಕಿಂತ ಗಮನಾರ್ಹವಾಗಿ ಕಡಿಮೆಯದು ಒಂದೂ ಇಲ್ಲ, ಒಂದೆರಡು ಅರವತ್ತೈದು ದಾಟುತ್ತವೆ. ಮೆಟ್ರೊದಲ್ಲಿ ಇಪ್ಪತ್ತು ನಿಮಿಷ ಸಿಗುವವರಿಗೂ ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟವರಿಗೂ ಒಂದೇ ಸಲಹೆ ಕೊಡಲಾಗದು.

ಮೂರನೆಯದು ಸದ್ದಿನ ದಟ್ಟಣೆ. ಈ ಕಾಲದ ರಾಕ್ ಆಲ್ಬಮ್‌ಗಳನ್ನು ಮಾಸ್ಟರಿಂಗ್‌ನಲ್ಲಿ, ಅಂದರೆ ಹೊರಬರುವ ಮುನ್ನ ಸದ್ದನ್ನು ಕೊನೆಯದಾಗಿ ಹದಗೊಳಿಸುವಾಗ, ಅದುಮುತ್ತಾರೆ. ಮೆಲುದನಿಯನ್ನು ಮೇಲಕ್ಕೆ ಎಳೆದು, ಜೋರು ದನಿಯನ್ನು ಮಿತಿಯೊಳಗೆ ಒತ್ತಿ, ಎಲ್ಲವೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಕೇಳುವಂತೆ ಮಾಡುತ್ತಾರೆ. ಕಾರಿನಲ್ಲಿ, ಬಸ್ಸಿನ ಗದ್ದಲದಲ್ಲಿ ಇದು ಅನುಕೂಲವೇ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಮನೆಯಲ್ಲಿ ಕೂತರೆ ಅರ್ಧ ಗಂಟೆಗೆ ಕಿವಿ ಬಳಲುತ್ತದೆ.

ನಾಲ್ಕನೆಯದು ಸಾಹಿತ್ಯದ ಮನಸ್ಥಿತಿ. ‘ಏಳು, ಎದ್ದೇಳು’ ಅನ್ನುವ ಹುರುಪು ಬೇಕೋ, ಅನುಮಾನ ಮತ್ತು ಕತ್ತಲೆಯನ್ನು ಎದುರಿಟ್ಟುಕೊಂಡು ಕೂರಬೇಕೋ? ಇವರು ಎರಡನ್ನೂ ಬರೆಯುತ್ತಾರೆ. ಇನ್ನು ದುಡ್ಡಿನ ಲೆಕ್ಕವನ್ನು ಕೊನೆಯಲ್ಲಿ ಮಾಡೋಣ.

ಬ್ಲ್ಯಾಕ್‌ಬರ್ಡ್ (2007)

ಎಲ್ಲರೂ ಹೇಳುವುದರಿಂದಲೇ ಶುರು ಮಾಡುತ್ತೇನೆ. ಮೊದಲ ಆಲ್ಬಮ್ ಹೊರತಂದ ವಿಂಡ್-ಅಪ್ ಕಂಪನಿಯಿಂದ ಹೊರಬಿದ್ದು, ಯುನಿವರ್ಸಲ್ ರಿಪಬ್ಲಿಕ್ ಮೂಲಕ ಬಂದ ಎರಡನೆಯ ಆಲ್ಬಮ್ ಇದು. ಎರಡು ಬದಲಾವಣೆಗಳು ಇಲ್ಲಿ ಆದವು. ಮೈಕಲ್ ‘ಎಲ್ವಿಸ್’ ಬ್ಯಾಸ್ಕೆಟ್ ನಿರ್ಮಾಪಕರಾಗಿ ಬಂದರು. ಮುಂದಿನ ಐದು ಸ್ಟುಡಿಯೊ ಆಲ್ಬಮ್‌ಗಳಿಗೂ ಅವರೇ. ಎರಡನೆಯದು ಇನ್ನೂ ದೊಡ್ಡದು: ಮೊದಲ ಆಲ್ಬಮ್‌ನಲ್ಲಿ ಬರೀ ಹಾಡಿದ್ದ ಕೆನಡಿ ಇಲ್ಲಿ ಗಿಟಾರನ್ನೂ ಕೈಗೆತ್ತಿಕೊಂಡರು, ಹಾಡು ಕಟ್ಟುವುದರಲ್ಲಿ ಸಮಪಾಲು ಪಡೆದರು. ಆಲ್ಟರ್ ಬ್ರಿಡ್ಜ್ ಅಂದಾಗ ಇವತ್ತು ನೆನಪಾಗುವ ಸದ್ದು ಹುಟ್ಟಿದ್ದು ಇಲ್ಲಿ. ಮಂದ್ರದಲ್ಲಿ ಟ್ರೆಮೊಂಟಿಯ ದಪ್ಪ ರಿಫ್, ಅದರ ಮೇಲೆ ತಾರಸ್ಥಾಯಿಗೆ ಏರಿ ಅಲ್ಲೇ ಬೀಡುಬಿಡುವ ಕೆನಡಿಯ ದನಿ.

ಶೀರ್ಷಿಕೆಯ ಹಾಡಿನ ಬಗ್ಗೆ ನಿಧಾನವಾಗಿ ಹೇಳಲೇಬೇಕು. ಸುಮಾರು ಎಂಟು ನಿಮಿಷದ್ದು. ತೀರಿಹೋದ ಗೆಳೆಯನೊಬ್ಬನಿಗಾಗಿ ಕೆನಡಿ ಬರೆದದ್ದು. ಒಂಟಿ ಗಿಟಾರಿನ ತಂತಿಗಳನ್ನು ಮೆಲ್ಲಗೆ ಬಿಡಿಸುತ್ತ ಶುರುವಾಗಿ, ಚರಣದಿಂದ ಚರಣಕ್ಕೆ ಒಂದೊಂದೇ ಪದರ ಸೇರಿಸಿಕೊಳ್ಳುತ್ತ ಹೋಗುತ್ತದೆ. ನಡುವೆ ಎರಡು ಸೋಲೊ, ಅಂದರೆ ಹಾಡು ನಿಂತು ಗಿಟಾರೊಂದೇ ಮುಂದೆ ಬಂದು ನುಡಿಯುವ ಭಾಗಗಳು, ಬೆನ್ನಿಗೆ ಬೆನ್ನು ಹಚ್ಚಿ ಬರುತ್ತವೆ. ಮೊದಲನೆಯದು ಕೆನಡಿಯದು: ಸಾವಧಾನ, ಸ್ವರ ಸ್ವರಕ್ಕೂ ಉಸಿರಾಡಲು ಜಾಗ. ಎರಡನೆಯದು ಟ್ರೆಮೊಂಟಿಯದು: ಕಟ್ಟೆಯೊಡೆದ ಹಾಗೆ. ಬ್ರಿಟನ್ನಿನ ‘ಗಿಟಾರಿಸ್ಟ್’ ಪತ್ರಿಕೆಯ ಓದುಗರು 2011ರಲ್ಲಿ ಇದನ್ನು ಸಾರ್ವಕಾಲಿಕ ಶ್ರೇಷ್ಠ ಗಿಟಾರ್ ಸೋಲೊ ಅಂತ ಆರಿಸಿದರು. ಓದುಗರ ಮತದಾನಕ್ಕೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡಿ. ಹಾಡಿನ ಕತೆಯನ್ನು ಮುಂದಕ್ಕೆ ಒಯ್ಯುವ ಸೋಲೊ ಬೇಕು, ಬರೀ ಬೆರಳಿನ ಕಸರತ್ತು ಬೇಡ ಅನ್ನುವವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಏಳರಲ್ಲಿ ಇಲ್ಲ.

ದನಿಯ ಕಡೆಯವರಿಗೆ ‘ವಾಚ್ ಓವರ್ ಯು’ ಇದೆ, ಪ್ರೀತಿ ಮುರಿದವರ ಹಾಡು, ಅಕೂಸ್ಟಿಕ್ ಗಿಟಾರಿನ ಮೇಲೆ. ರಿಫ್ ಕಡೆಯವರಿಗೆ ಆಲ್ಬಮ್ ತೆರೆಯುವ ‘ಟೈಸ್ ದಟ್ ಬೈಂಡ್’ ಮತ್ತು ‘ಕಮ್ ಟು ಲೈಫ್’. ‘ರೈಸ್ ಟುಡೇ’ ಹುರುಪಿನ ಹಾಡು, ಬೆಳಗಿನ ವಾಕಿಂಗ್‌ಗೆ ಹೇಳಿ ಮಾಡಿಸಿದ್ದು. ಕೊನೆಯ ‘ವೇವರ್ಡ್ ಒನ್’ ಅನ್ನು ಜನ ಮರೆಯುತ್ತಾರೆ, ನೀವು ಮರೆಯಬೇಡಿ.

ಕೊರತೆಯೇನು? ಹದಿಮೂರು ಹಾಡು, ಸುಮಾರು ಒಂದು ಗಂಟೆ. ಶೀರ್ಷಿಕೆಯ ಹಾಡು ಮುಗಿದ ಮೇಲೆ ಬರುವ ಒಂದೆರಡು ಹಾಡುಗಳು ಪಾಪ, ಅದರ ನೆರಳಿನಲ್ಲೇ ಉಳಿದುಬಿಡುತ್ತವೆ. ಜೊತೆಗೆ ಇದು ಎರಡೂ ಬಣದವರನ್ನು ಅರ್ಧರ್ಧ ತೃಪ್ತಿಪಡಿಸುವ ಆಲ್ಬಮ್. ಮೆಟಲ್ ಕಿವಿಯವರಿಗೆ ಬ್ಯಾಲಡ್‌ಗಳು, ಅಂದರೆ ನಿಧಾನದ ಭಾವುಕ ಹಾಡುಗಳು, ಹೆಚ್ಚಾದವು ಅನ್ನಿಸಬಹುದು. ನಿಮ್ಮ ಕಿವಿ ಯಾವ ಕಡೆಯದು ಅಂತ ನಿಮಗೇ ಗೊತ್ತಿಲ್ಲದಿದ್ದರೆ ‘ಬ್ಲ್ಯಾಕ್‌ಬರ್ಡ್’ ಮೊದಲ ಆಯ್ಕೆ. ಇಲ್ಲಿ ಯಾವ ಹಾಡಿಗೆ ನೀವು ವಾಪಸ್ ಹೋಗುತ್ತೀರೋ ಅದೇ ಮುಂದಿನ ದಾರಿ ಹೇಳುತ್ತದೆ.

ಫೋರ್ಟ್ರೆಸ್ (2013)

ರಿಫ್ ಕಡೆಯವರು ನೇರವಾಗಿ ಇಲ್ಲಿಗೆ ಬನ್ನಿ. ‘ಬ್ಲ್ಯಾಕ್‌ಬರ್ಡ್’ ಮೊದಲು ಕೇಳಲೇಬೇಕು ಅನ್ನುವ ಕಟ್ಟಳೆ ಏನೂ ಇಲ್ಲ.

ಇದಕ್ಕೆ ಮುಂಚೆ 2012ರಲ್ಲಿ ಕೆನಡಿ ಸ್ಲ್ಯಾಶ್ ಜೊತೆ ಒಂದು ಆಲ್ಬಮ್ ಮುಗಿಸಿದ್ದರು. ಅದೇ ವರ್ಷ ಟ್ರೆಮೊಂಟಿ ತಮ್ಮದೇ ಹೆಸರಿನ ತಂಡ ಕಟ್ಟಿ, ತಾವೇ ಹಾಡಿ, ಇನ್ನಷ್ಟು ಬಿರುಸಿನ ಆಲ್ಬಮ್ ತಂದಿದ್ದರು. ಇಬ್ಬರೂ ಹೊರಗೆ ದುಡಿದು ಮನೆಗೆ ಬಂದಾಗ ಕೈಯಲ್ಲಿ ಹೊಸ ಪಟ್ಟುಗಳಿದ್ದವು. ಚರಣ, ಪಲ್ಲವಿ, ಚರಣ, ಪಲ್ಲವಿ, ಸೋಲೊ, ಪಲ್ಲವಿ ಅನ್ನುವ ಹಳೆಯ ಅಚ್ಚನ್ನು ಅವರು ಬೇಕೆಂದೇ ಮುರಿದದ್ದು ಇಲ್ಲಿ ಕೇಳಿಸುತ್ತದೆ. ಮೊದಲ ಹಾಡು ‘ಕ್ರೈ ಆಫ್ ಅಕಿಲೀಸ್’ ನೈಲಾನ್ ತಂತಿಯ ಗಿಟಾರಿನಂಥ ಮೃದು ಆರಂಭದಿಂದ ಹೊರಟು, ಇದ್ದಕ್ಕಿದ್ದಂತೆ ಓಟ ಕೀಳುತ್ತದೆ. ‘ಅಡಿಕ್ಟೆಡ್ ಟು ಪೇನ್’ ನೇರವಾಗಿ ಎದೆಗೆ ಗುದ್ದುವಂಥದ್ದು. ಜಿಮ್‌ಗೆ ಹೋಗುವವರು ಇದೊಂದನ್ನೇ ಹತ್ತು ಸಲ ಹಾಕಿಕೊಂಡರೂ ಅಚ್ಚರಿಯಿಲ್ಲ. ‘ವಾಟರ್ಸ್ ರೈಸಿಂಗ್’ನಲ್ಲಿ ಟ್ರೆಮೊಂಟಿ ಮುಖ್ಯ ಗಾಯಕರಾಗಿ ನಿಲ್ಲುತ್ತಾರೆ. ಅವರ ದನಿ ಒರಟು, ಕೆನಡಿಯದರಂತೆ ಮೇಲೆ ಹಾರುವುದಿಲ್ಲ, ಆ ಹಾಡಿಗೆ ಬೇಕಿದ್ದದ್ದೂ ಅಂಥ ದನಿಯೇ. ಆಲ್ಬಮ್ ಮುಗಿಯುವುದು ಏಳೂವರೆ ನಿಮಿಷದ ಶೀರ್ಷಿಕೆ ಹಾಡಿನೊಂದಿಗೆ. ಅದರ ನಡುಭಾಗದಲ್ಲಿ ವೇಗ ಬದಲಾಗಿ ಇಬ್ಬರ ಗಿಟಾರುಗಳೂ ಒಂದನ್ನೊಂದು ಬೆನ್ನಟ್ಟುತ್ತವೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಮೊದಲ ಸಲ ಕೇಳಿದಾಗ ಗುನುಗಲು ಸಿಗುವುದು ಕಡಿಮೆ. ‘ಆಲ್ ಎಂಡ್ಸ್ ವೆಲ್’, ‘ಲವರ್’ ಬಿಟ್ಟರೆ ಉಸಿರು ಬಿಡುವ ಜಾಗಗಳೂ ಕಡಿಮೆ. ಮನೆಯಲ್ಲಿ ಎಲ್ಲರೂ ಇರುವಾಗ ಸ್ಪೀಕರಿನಲ್ಲಿ ಹಾಕುವ ಆಲ್ಬಮ್ ಅಲ್ಲ. ಮೂರು ನಾಲ್ಕು ಸಲ ಕೇಳುವ ತಾಳ್ಮೆ ಇರಬೇಕು. ಇದ್ದರೆ ಏಳರಲ್ಲಿ ಬೇಗ ಹಳತಾಗದ ಆಲ್ಬಮ್ ಇದೇ. ನನ್ನನ್ನು ಒಂದೇ ಒಂದು ಆರಿಸು ಅಂದರೆ ನಾನು ಇದನ್ನೇ ಎತ್ತಿಕೊಳ್ಳುತ್ತೇನೆ. ಆದರೆ ಎಸ್ಪಿಬಿ ದನಿ ಕೇಳುತ್ತ ಬೆಳೆದ ನನ್ನ ಅಕ್ಕನಿಗೆ ಇದನ್ನು ಮೊದಲು ಕೊಡುವುದಿಲ್ಲ.

ಎಬಿ ತ್ರೀ (2010)

ಮೇಲಿನ ಎರಡು ಆಲ್ಬಮ್‌ಗಳ ನಡುವೆ ಬಂದು, ಅವೆರಡರ ಗದ್ದಲದಲ್ಲಿ ಸ್ವಲ್ಪ ಮರೆಯಾದ ಆಲ್ಬಮ್. ಬಿಡಿ ಹಾಡುಗಳಿಗಿಂತ ಒಟ್ಟು ಆಲ್ಬಮ್ ಮುಖ್ಯ ಅನ್ನುವವರಿಗೆ ಮೊದಲು ಹೇಳಬೇಕಾದದ್ದು ಇದನ್ನೇ.

ನಂಬಿಕೆ ಕಳೆದುಕೊಳ್ಳುವುದು ಇದರ ವಸ್ತು. ದೇವರು, ಧರ್ಮ, ಬೆಳೆದು ಬಂದ ಮನೆಯ ಶ್ರದ್ಧೆ, ಇವುಗಳ ಮೇಲೆ ಅನುಮಾನ ಮೂಡಿದವನ ಒಳಗುದಿ ಹಾಡಿನಿಂದ ಹಾಡಿಗೆ ಹರಿಯುತ್ತದೆ. ‘ಸ್ಲಿಪ್ ಟು ದ ವಾಯ್ಡ್’ ಪಿಸುಮಾತಿನಂತೆ ಶುರುವಾಗಿ ಬಿರುಗಾಳಿಯಾಗುತ್ತದೆ. ಬೆನ್ನಿಗೇ ‘ಐಸೊಲೇಷನ್’, ಇದು ಅಮೆರಿಕದ ಬಿಲ್‌ಬೋರ್ಡ್ ಮೇನ್‌ಸ್ಟ್ರೀಮ್ ರಾಕ್ ಪಟ್ಟಿಯ ನೆತ್ತಿಗೇರಿದ ಹಾಡು. ‘ಘೋಸ್ಟ್ ಆಫ್ ಡೇಸ್ ಗಾನ್ ಬೈ’ ಹೋದ ದಿನಗಳ ಹಳಹಳಿಕೆ. ‘ವಂಡರ್‌ಫುಲ್ ಲೈಫ್’ ಹೆಸರು ಕೇಳಿ ಖುಷಿಯ ಹಾಡು ಅಂದುಕೊಳ್ಳಬೇಡಿ, ಅದು ವಿದಾಯದ ಹಾಡು. ಕೊನೆಯ ‘ವರ್ಡ್ಸ್ ಡಾರ್ಕರ್ ದ್ಯಾನ್ ದೇರ್ ವಿಂಗ್ಸ್’ನಲ್ಲಿ ಕೆನಡಿ ಮತ್ತು ಟ್ರೆಮೊಂಟಿ ಇಬ್ಬರೂ ಹಾಡುತ್ತಾರೆ: ನಂಬುವವನೊಬ್ಬ, ನಂಬದವನೊಬ್ಬ, ಎದುರುಬದುರು. ತೀರ್ಪು ಕೊಡದೆ ಹಾಡು ಮುಗಿಯುತ್ತದೆ. ನಾಲ್ಕೂ ಜನರ ಸಂಗೀತ ಮತ್ತು ಸಾಹಿತ್ಯ ಒಂದೇ ಗಂಟಿನಲ್ಲಿ ಕೂತ ಹಾಡು ಅಂದರೆ ನನ್ನ ಪಾಲಿಗೆ ಇದು, ‘ಬ್ಲ್ಯಾಕ್‌ಬರ್ಡ್’ ಅಲ್ಲ. ಈ ಮಾತಿಗೆ ಜಗಳಕ್ಕೆ ಬರುವವರಿದ್ದಾರೆ, ಬರಲಿ.

ಹದಿನಾಲ್ಕು ಹಾಡು, ಅರವತ್ತೈದು ನಿಮಿಷದ ಆಸುಪಾಸು. ನಡುವಿನಲ್ಲಿ ಒಂದೇ ಬಣ್ಣದ ಮಧ್ಯಮ ವೇಗದ ಹಾಡುಗಳು ಸಾಲಾಗಿ ಬರುತ್ತವೆ. ಅಲ್ಲಿ ಗಮನ ಜಾರುತ್ತದೆ. ಶಫಲ್ ಹಾಕಿಕೊಂಡು ಕೇಳಿದರೆ ಇದರ ಅರ್ಧ ಸತ್ವ ಹೋಗುತ್ತದೆ. ಮನಸ್ಸು ಈಗಾಗಲೇ ಭಾರವಾಗಿದ್ದರೆ ಸದ್ಯಕ್ಕೆ ಪಕ್ಕಕ್ಕಿಡಿ, ಇನ್ನೊಂದು ದಿನ ಕೇಳಿದರಾಯಿತು.

ಒನ್ ಡೇ ರಿಮೇನ್ಸ್ (2004)

ಮೊದಲ ಆಲ್ಬಮ್, ನಿರ್ಮಾಪಕ ಬೆನ್ ಗ್ರಾಸ್. ಹನ್ನೊಂದು ಹಾಡು, ಐವತ್ತು ನಿಮಿಷದ ಸುಮಾರು. ಕ್ರೀಡ್‌ನ ವಾಸನೆ ಇನ್ನೂ ಹೋಗಿಲ್ಲ: ದೊಡ್ಡ ಪಲ್ಲವಿ, ಸರಳ ಕಟ್ಟು, ನೇರ ಭಾವ. ಅದು ಬೈಗುಳವೇ ಆಗಬೇಕಿಲ್ಲ. ಕ್ರೀಡ್‌ನ ‘ಹ್ಯೂಮನ್ ಕ್ಲೇ’ ಕಾಲದ ಹಾಡುಗಳನ್ನು ಕಾಲೇಜು ಹಾಸ್ಟೆಲಿನಲ್ಲಿ ಕ್ಯಾಸೆಟ್ಟಿಗೆ ಹಾಕಿ ಸವೆಸಿದವರಿಗೆ ಇದರಷ್ಟು ಸಲೀಸಾದ ಬಾಗಿಲು ಇನ್ನೊಂದಿಲ್ಲ. ‘ಓಪನ್ ಯುವರ್ ಐಸ್’ ಒಂದೇ ಸಲಕ್ಕೆ ಬಾಯಿಗೆ ಬರುತ್ತದೆ. ‘ಮೆಟಲಿಂಗಸ್’ ಬಗ್ಗೆ ಆಗಲೇ ಹೇಳಿದೆ. ‘ಇನ್ ಲವಿಂಗ್ ಮೆಮೊರಿ’ ಟ್ರೆಮೊಂಟಿ ತೀರಿಹೋದ ತಾಯಿಯ ನೆನಪಿಗೆ ಬರೆದದ್ದು. ಕೆನಡಿ ಇಲ್ಲಿ ಅತಿಥಿಯಂತೆ ಹಾಡುತ್ತಾರೆ, ಅದ್ಭುತವಾಗಿ ಹಾಡುತ್ತಾರೆ, ಆದರೆ ಮನೆ ಇನ್ನೂ ಅವರದಾಗಿಲ್ಲ. ಸೋಲೊಗಳಲ್ಲೂ ಮುಂದೆ ಬರುವ ಧೈರ್ಯ ಕಾಣುವುದಿಲ್ಲ. ಬಿಡಿ ಹಾಡು ಕೇಳುವವರು ಐದು ಹಾಡು ಆರಿಸಿಕೊಂಡರೆ ಆಲ್ಬಮ್ಮಿನ ಮುಕ್ಕಾಲು ಪಾಲು ಕೈಗೆ ಬಂದಂತೆ.

ದ ಲಾಸ್ಟ್ ಹೀರೊ (2016)

ಇದರ ಬಗ್ಗೆ ನನಗೆ ಎರಡು ಮನಸ್ಸು. ಹಾಡುಗಳಾಗಿ ನೋಡಿದರೆ ಬಲವಾದವು. ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ವರ್ಷದಲ್ಲಿ ಬಂದ ‘ಶೋ ಮಿ ಎ ಲೀಡರ್’ ನಾಯಕರ ಮೇಲೆ ಭರವಸೆ ಹೋದವರ ಹಾಡು, ಯಾವ ದೇಶದವರಿಗೂ ತಟ್ಟುವಂಥದ್ದು. ‘ಮೈ ಚಾಂಪಿಯನ್’ ಸೋತು ಕೂತ ಹುಡುಗನ ಬೆನ್ನು ತಟ್ಟುತ್ತದೆ. ‘ಕ್ರೇಡಲ್ ಟು ದ ಗ್ರೇವ್’ ವಯಸ್ಸಾಗುತ್ತಿರುವ ಅಪ್ಪ ಅಮ್ಮನನ್ನು ಕುರಿತದ್ದು. ಹೊರನಾಡಿನಲ್ಲಿ ಕೂತು ಊರಿಗೆ ವಿಡಿಯೊ ಕರೆ ಮಾಡುವವರು ಇದನ್ನು ಕೇಳಿ ಒಂದು ಗಳಿಗೆ ಸುಮ್ಮನಾಗುತ್ತಾರೆ. ‘ದಿಸ್ ಸೈಡ್ ಆಫ್ ಫೇಟ್’ ಆಲ್ಬಮ್ಮಿನ ಅತ್ಯುತ್ತಮ ಹಾಡು, ಮತ್ತು ಅದನ್ನು ಯಾರೂ ಹೆಸರಿಸುವುದಿಲ್ಲ.

ತೊಂದರೆ ಸದ್ದಿನದು. ಏಳರಲ್ಲಿ ಅತಿ ಹೆಚ್ಚು ಅದುಮಿಸಿಕೊಂಡ ಆಲ್ಬಮ್ ಇದು. ಗಿಟಾರು, ಡ್ರಮ್ಸ್, ದನಿ ಎಲ್ಲವೂ ಒಂದೇ ಎತ್ತರದಲ್ಲಿ ಗೋಡೆಯಾಗಿ ಬಂದು ನಿಲ್ಲುತ್ತವೆ. ಹದಿಮೂರು ಹಾಡು, ಅರವತ್ತೇಳು ನಿಮಿಷದ ಸುಮಾರು, ಪ್ರತಿ ಹಾಡೂ ತಾನೇ ಕೊನೆಯ ಹಾಡು ಅನ್ನುವಂತೆ ಶಿಖರಕ್ಕೇರುತ್ತದೆ. ಎಲೆಯ ತುಂಬ ಬರೀ ಒಬ್ಬಟ್ಟು ಬಡಿಸಿದ ಹಾಗೆ. ಕಾರಿನಲ್ಲಿ, ಹೆದ್ದಾರಿಯಲ್ಲಿ ಕೇಳುವವರಿಗೆ ಇದು ದೋಷವೇ ಅಲ್ಲ. ದುಬಾರಿ ಹೆಡ್‌ಫೋನ್ ಕೊಂಡವರು ಮಾತ್ರ ಇದರಿಂದ ಅದನ್ನು ಪರೀಕ್ಷಿಸಬೇಡಿ. ಒಂದೇ ಸಲಕ್ಕೆ ಮೂರೋ ನಾಲ್ಕೋ ಹಾಡು ಕೇಳಿ ನಿಲ್ಲಿಸುವುದು ಒಳ್ಳೆಯದು.

ವಾಕ್ ದ ಸ್ಕೈ (2019)

ಹದಿನಾಲ್ಕು ಹಾಡು, ಒಂದು ಗಂಟೆ, ಆದರೆ ಹಾಡುಗಳು ಚಿಕ್ಕವು. ಜಾನ್ ಕಾರ್ಪೆಂಟರ್‌ರ ಹಳೆಯ ಸಿನಿಮಾ ಸಂಗೀತದ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಸದ್ದಿನಿಂದ ಪ್ರೇರಣೆ ಪಡೆದದ್ದಾಗಿ ತಂಡದವರು ಹೇಳಿಕೊಂಡಿದ್ದಾರೆ. ಹಾಡುಗಳ ಹಿಂದೆ ಎಲೆಕ್ಟ್ರಾನಿಕ್ ಸದ್ದಿನ ತೆಳು ಪರದೆಯೊಂದು ತೂಗುತ್ತಿರುತ್ತದೆ. ‘ಪೇ ನೋ ಮೈಂಡ್’, ‘ಇನ್ ದ ಡೀಪ್’, ‘ಗಾಡ್‌ಸ್ಪೀಡ್’ ಮೂರೂ ಪಲ್ಲವಿಯ ಹಾಡುಗಳು. ಸಾಹಿತ್ಯದಲ್ಲೂ ಹಳೆಯ ಕತ್ತಲೆ ಸಡಿಲವಾಗಿ, ಈ ಕ್ಷಣದಲ್ಲಿರು ಅನ್ನುವ ಧಾಟಿ ಬಂದಿದೆ. ರಾಕ್ ಅಂದರೆ ದೂರ ಸರಿಯುವ, ಪಾಪ್ ಕೇಳುವ ಗೆಳೆಯರಿಗೆ ಕೊಡಲು ಇದಕ್ಕಿಂತ ಒಳ್ಳೆಯದಿಲ್ಲ. ಬಿಡಿ ಹಾಡು ಕೇಳುವವರಿಗೂ ಸರಿ. ರಿಫ್ ಹುಡುಕುವವರಿಗೆ ‘ವುಡನ್ಟ್ ಯು ರಾದರ್’ ಮುಗಿದ ಮೇಲೆ ಸ್ವಲ್ಪ ಬೇಸರವೇ. ನನಗೆ ಇದರಲ್ಲಿ ಹಾಡುಗಳು ಒಂದರೊಳಗೊಂದು ಕಲಸಿಹೋಗುತ್ತವೆ.

ಪಾನ್ಸ್ ಆ್ಯಂಡ್ ಕಿಂಗ್ಸ್ (2022)

ಹತ್ತೇ ಹಾಡು, ಐವತ್ಮೂರು ನಿಮಿಷದ ಸುಮಾರು. ಹಾಡುಗಳನ್ನು ಕಡಿಮೆ ಮಾಡಿ ಹಾಡಿನುದ್ದವನ್ನು ಹೆಚ್ಚಿಸಿದ್ದಾರೆ. ಈ ನಿರ್ಧಾರ ಆರು ವರ್ಷ ಮೊದಲೇ ಆಗಬೇಕಿತ್ತು. ಸಿಂಥ್ ಹಿಂದೆ ಸರಿದು ಗಿಟಾರು ಮುಂದೆ ಬಂದಿದೆ. ‘ಫೋರ್ಟ್ರೆಸ್’ ಇಷ್ಟವಾಗಿ, ಅದೇ ಜಾಡಿನಲ್ಲಿ ಇನ್ನೊಂದು ಬೇಕು ಅನ್ನುವವರಿಗೆ ಇದು ಸರಿಯಾದ ಮುಂದಿನ ಹೆಜ್ಜೆ. ‘ಫೇಬಲ್ ಆಫ್ ದ ಸೈಲೆಂಟ್ ಸನ್’ ಎಂಟೂವರೆ ನಿಮಿಷದ್ದು, ಅಲ್ಲಿಯವರೆಗಿನ ಅವರ ಅತಿ ಉದ್ದದ ಹಾಡು, ಆದರೆ ಉದ್ದ ಅನ್ನಿಸುವುದಿಲ್ಲ. ‘ಸಿಲ್ವರ್ ಟಂಗ್’ ರಿಫ್ ಕಡೆಯವರಿಗೆ. ‘ಸ್ಟೇ’ ಟ್ರೆಮೊಂಟಿಯ ದನಿಯಲ್ಲಿ ಬರುವ ಮೆತ್ತನೆಯ ಹಾಡು. ‘ವಾಟರ್ಸ್ ರೈಸಿಂಗ್’ ಜೊತೆ ಇಟ್ಟು ಕೇಳಿದರೆ ಒಂಬತ್ತು ವರ್ಷದಲ್ಲಿ ಗಾಯಕನಾಗಿ ಅವರು ಎಷ್ಟು ಬೆಳೆದಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಕೊರತೆ ಅಂದರೆ ಹೊಸದಾಗಿ ಅಚ್ಚರಿಪಡಿಸುವಂಥದ್ದು ಹೆಚ್ಚಿಲ್ಲ. ಗೊತ್ತಿರುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದಾರೆ. ಒಂದು ಗಂಟೆಯ ಆಲ್ಬಮ್ ಕೇಳಲು ವ್ಯವಧಾನ ಇಲ್ಲದ ರಿಫ್ ಪ್ರಿಯರು ‘ಫೋರ್ಟ್ರೆಸ್’ಗಿಂತ ಮೊದಲು ಇದನ್ನೇ ಹಿಡಿಯಬಹುದು.

ಲೈವ್ ಆಲ್ಬಮ್‌ಗಳ ಮಾತು

ಸ್ಟುಡಿಯೊ ಆಲ್ಬಮ್‌ಗಳ ಅದುಮಿದ ಸದ್ದು ಒಗ್ಗದವರಿಗೆ ಇವು ಒಳದಾರಿ. 2008ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆದ ಕಾರ್ಯಕ್ರಮದ ದಾಖಲೆ ‘ಲೈವ್ ಫ್ರಮ್ ಆಮ್‌ಸ್ಟರ್‌ಡ್ಯಾಮ್’. ಆಗ ಕೈಯಲ್ಲಿದ್ದದ್ದು ಎರಡೇ ಆಲ್ಬಮ್, ಹಸಿವು ಮಾತ್ರ ಬೆಟ್ಟದಷ್ಟು. ಮೊದಲ ಆಲ್ಬಮ್ಮಿನ ಹಾಡುಗಳು ಸ್ಟುಡಿಯೊದಲ್ಲಿ ಎಷ್ಟು ಬಿಗಿಯಾಗಿದ್ದವು ಅನ್ನುವುದು ಇದನ್ನು ಕೇಳಿದಾಗಲೇ ಅರಿವಾಗುವುದು. ‘ಒನ್ ಡೇ ರಿಮೇನ್ಸ್’ ಮತ್ತು ‘ಬ್ಲ್ಯಾಕ್‌ಬರ್ಡ್’ ಎರಡರ ಬದಲು ಒಂದೇ ಸಾಕು ಅನ್ನುವವರು ಇದನ್ನು ಆರಿಸಿಕೊಳ್ಳಬಹುದು.

ಇನ್ನೊಂದು, 2017ರ ಅಕ್ಟೋಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಪ್ಯಾರಲ್ಯಾಕ್ಸ್ ಆರ್ಕೆಸ್ಟ್ರಾ ಜೊತೆ ನುಡಿಸಿದ್ದು, ಮರುವರ್ಷ ಹೊರಬಂತು. ಪಿಟೀಲು, ಚೆಲ್ಲೊ, ತುತ್ತೂರಿಗಳ ನಡುವೆ ‘ವರ್ಡ್ಸ್ ಡಾರ್ಕರ್ ದ್ಯಾನ್ ದೇರ್ ವಿಂಗ್ಸ್’ ಮೈ ನವಿರೇಳಿಸುತ್ತದೆ. ಆದರೆ ಎಲ್ಲ ಹಾಡಿಗೂ ಆರ್ಕೆಸ್ಟ್ರಾ ಬೇಕಿರಲಿಲ್ಲ. ಬಿರುಸಿನ ರಿಫ್ ಹಾಡುಗಳಲ್ಲಿ ತಂತಿವಾದ್ಯಗಳು ಗಿಟಾರಿನ ಹಿಂದೆ ಎಲ್ಲೋ ಮುಳುಗಿಹೋಗುತ್ತವೆ. ಮೂಲ ಹಾಡುಗಳ ಪರಿಚಯವಾದ ಮೇಲೆ ಇದರ ರುಚಿ ಹೆಚ್ಚು. ಮೊದಲ ಆಯ್ಕೆಯಾಗಿ ಬೇಡ.

ದುಡ್ಡಿನ ಲೆಕ್ಕ

ಏನೂ ಖರ್ಚು ಮಾಡಲು ಮನಸ್ಸಿಲ್ಲದಿದ್ದರೆ ಯೂಟ್ಯೂಬ್ ಸಾಕು, ಜಾಹೀರಾತು ಸಹಿಸಿಕೊಂಡರೆ ಆಯಿತು. ಒಂದೇ ತೊಂದರೆ ಅಂದರೆ, ‘ಎಬಿ ತ್ರೀ’ಯಂಥ ಆಲ್ಬಮ್ಮಿನ ನಡುವೆ ಸಾಬೂನಿನ ಜಾಹೀರಾತು ಬಂದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ. ಸ್ಟ್ರೀಮಿಂಗ್ ಚಂದಾ ಇದ್ದವರಿಗೆ ಏಳೂ ಒಂದೇ ಬೆಲೆ, ಹಾಗಾಗಿ ಸಮಯವೊಂದೇ ಲೆಕ್ಕಕ್ಕೆ ಬರುವುದು. ಅಗ್ಗದ ಬ್ಲೂಟೂತ್ ಇಯರ್‌ಫೋನಿನಲ್ಲಿ ‘ಫೋರ್ಟ್ರೆಸ್’ನ ಬೇಸ್ ಮತ್ತು ಗಿಟಾರು ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತವೆ, ‘ಬ್ಲ್ಯಾಕ್‌ಬರ್ಡ್’, ‘ವಾಕ್ ದ ಸ್ಕೈ’ ಅದೇ ಇಯರ್‌ಫೋನಿನಲ್ಲಿ ಪರವಾಗಿಲ್ಲ.

ಸಿಡಿ ಅಥವಾ ಎಲ್‌ಪಿ ಕೊಳ್ಳುವ ಹಂಬಲ ಇದ್ದರೆ ಯೋಚನೆ ಬೇರೆ. ಇವರ ಎಲ್‌ಪಿಗಳು ನಮ್ಮಲ್ಲಿಗೆ ಬರುವುದು ಆಮದಾಗಿ. ಆಲ್ಬಮ್ ಉದ್ದ ಇರುವುದರಿಂದ ಬಹುಪಾಲು ಎರಡು ತಟ್ಟೆಯವು, ಸಾಗಣೆ ಮತ್ತು ಸುಂಕ ಸೇರಿ ಕೆಲವು ಸಾವಿರ ರೂಪಾಯಿ ಆಗುತ್ತದೆ. ಹಾಗಾಗಿ ಒಂದನ್ನೇ ಕೊಳ್ಳಿ, ಅದು ಕೂತು ಕೇಳುವ ಆಲ್ಬಮ್ ಆಗಿರಲಿ: ‘ಎಬಿ ತ್ರೀ’ ಅಥವಾ ‘ಬ್ಲ್ಯಾಕ್‌ಬರ್ಡ್’. ನಾಲ್ಕು ಹಾಡಿಗೊಮ್ಮೆ ಎದ್ದು ತಟ್ಟೆ ತಿರುಗಿಸುವುದು ‘ಎಬಿ ತ್ರೀ’ಗಂತೂ ಒಳ್ಳೆಯದೇ, ನಡುವಿನ ಮಂಕು ಭಾಗಕ್ಕೆ ಒಂದು ಬಿಡುವು ಸಿಗುತ್ತದೆ. ‘ದ ಲಾಸ್ಟ್ ಹೀರೊ’ಗೆ ಅಷ್ಟು ದುಡ್ಡು ಹಾಕುವುದು ಬೇಡ. ಬ್ರಿಟನ್, ಜರ್ಮನಿ ಕಡೆ ಇರುವ ಕನ್ನಡಿಗರಿಗೆ ಈ ಲೆಕ್ಕವೇ ಬೇರೆ. ತಂಡಕ್ಕೆ ಅಮೆರಿಕಕ್ಕಿಂತ ಯುರೋಪಿನಲ್ಲೇ ದೊಡ್ಡ ಸಭಾಂಗಣಗಳು ತುಂಬುತ್ತವೆ. ಒಂದು ಎಲ್‌ಪಿಗೆ ಹಾಕುವ ದುಡ್ಡನ್ನು ಉಳಿಸಿ ಟಿಕೆಟ್ಟಿಗೆ ಸೇರಿಸಿ.

ಹಾಗಾದರೆ ಯಾರಿಗೆ ಯಾವುದು

ದನಿಯ ಕಡೆಯವರು, ರಾಕ್ ಹೊಸದು: ‘ಬ್ಲ್ಯಾಕ್‌ಬರ್ಡ್’, ಅದರಲ್ಲೂ ‘ವಾಚ್ ಓವರ್ ಯು’ ಮೊದಲು, ಶೀರ್ಷಿಕೆ ಹಾಡು ಆಮೇಲೆ. ಸದ್ದು ಜಾಸ್ತಿ ಅನ್ನಿಸಿದರೆ ‘ವಾಕ್ ದ ಸ್ಕೈ’ ಕಡೆ ತಿರುಗಿ. ಕಡಿಮೆ ಅನ್ನಿಸಿದರೆ ನೀವು ಅಂದುಕೊಂಡಷ್ಟು ದನಿಯ ಕಡೆಯವರಲ್ಲ, ‘ಫೋರ್ಟ್ರೆಸ್’ ಕಾಯುತ್ತಿದೆ.

ಮೆಟಲ್ ಕೇಳಿದವರು: ‘ಫೋರ್ಟ್ರೆಸ್’, ಆಮೇಲೆ ‘ಪಾನ್ಸ್ ಆ್ಯಂಡ್ ಕಿಂಗ್ಸ್’. ಹಳೆಯ ಕ್ರೀಡ್ ಅಭಿಮಾನಿಗಳು, ಡಬ್ಲ್ಯುಡಬ್ಲ್ಯುಇ ಮಂದಿ: ‘ಒನ್ ಡೇ ರಿಮೇನ್ಸ್’ನಿಂದ ವರ್ಷಾನುಕ್ರಮದಲ್ಲೇ ಹೋಗಿ. ಸಾಹಿತ್ಯ ಓದಿಕೊಂಡು, ದೀಪ ಆರಿಸಿ ಕೇಳುವವರು: ‘ಎಬಿ ತ್ರೀ’. ದಿನಾ ಎರಡು ಗಂಟೆ ಕಾರು ಓಡಿಸುವವರು: ‘ದ ಲಾಸ್ಟ್ ಹೀರೊ’, ಅದರ ದೋಷ ಅಲ್ಲಿ ಗುಣವಾಗುತ್ತದೆ.

ಗಿಟಾರ್ ಕಲಿಯುತ್ತಿರುವವರ ಪ್ರಶ್ನೆ ಬೇರೆಯೇ ಇರುತ್ತದೆ. ಟ್ರೆಮೊಂಟಿ ಮತ್ತು ಕೆನಡಿ ಹಾಡಿಗೊಂದು ಶ್ರುತಿ ಮಾಡಿಕೊಳ್ಳುವ ಪೈಕಿ. ಮಾಮೂಲು ಶ್ರುತಿಯಲ್ಲಿ ಕೂತು ಯೂಟ್ಯೂಬ್ ನೋಡಿ ನುಡಿಸಲು ಹೊರಟರೆ ಬೆರಳಿಗೆ ಏನೂ ಸಿಗುವುದಿಲ್ಲ. ಮೊದಲು ಆರನೆಯ ತಂತಿಯನ್ನು ‘ಡಿ’ಗೆ ಇಳಿಸಿ ನುಡಿಸುವ ಹಾಡುಗಳನ್ನು ಹುಡುಕಿಕೊಳ್ಳಿ, ಕೈ ಪಳಗುವವರೆಗೆ ಅಷ್ಟು ಸಾಕು. ‘ಬ್ಲ್ಯಾಕ್‌ಬರ್ಡ್’ನ ಎರಡು ಸೋಲೊಗಳಲ್ಲಿ ಮೊದಲು ಕೆನಡಿಯದನ್ನು ಕಲಿಯಿರಿ. ಟ್ರೆಮೊಂಟಿಯದು ವೇಗದಿಂದ ಹೆದರಿಸುತ್ತದೆ, ಆದರೆ ಅಭ್ಯಾಸ ಮಾಡಿದರೆ ಬರುತ್ತದೆ. ಕೆನಡಿಯದರಲ್ಲಿ ಸ್ವರಗಳು ಕಡಿಮೆ, ತಂತಿಯನ್ನು ಎಷ್ಟು ಬಾಗಿಸಬೇಕು, ಎಲ್ಲಿ ಬಿಡಬೇಕು ಅನ್ನುವುದರಲ್ಲೇ ಎಲ್ಲ ಇದೆ, ಮತ್ತು ತಪ್ಪಿದರೆ ಮುಚ್ಚಿಕೊಳ್ಳಲು ಅಲ್ಲಿ ಜಾಗವಿಲ್ಲ.